ಒಳ್ಳೆಯ ದಿನಗಳಲ್ಲಿ ಬಂದ ಕೆಟ್ಟ ಸುದ್ದಿ: ಆಮೋಸನ ಕಾಲ ಎಂಥದ್ದು?

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನದ ಗುಂಪಿನಲ್ಲಿ ಈಗ ಹಳೆಯ ಒಡಂಬಡಿಕೆಯ ಪ್ರವಾದಿ ಆಮೋಸನ ಪುಸ್ತಕ ಓದುತ್ತಿದ್ದೇವೆ. ಅವನ ಕಾಲದಲ್ಲಿ ಇಸ್ರಾಯೇಲ್ ದೇಶ ಚೆನ್ನಾಗಿತ್ತು, ಶತ್ರುಗಳ ಕಾಟ ಇರಲಿಲ್ಲ, ಜನ ಹಬ್ಬ, ಬಲಿ, ಕಾಣಿಕೆ ಎಲ್ಲವನ್ನೂ ತಪ್ಪದೆ ನಡೆಸುತ್ತಿದ್ದರು ಎಂದು ಹೇಳುತ್ತಾರೆ. ಹಾಗಿದ್ದ ಮೇಲೆ ಅವನಿಗೆ ಇಷ್ಟೊಂದು ಸಿಟ್ಟು ಯಾಕೆ? ಇನ್ನೊಂದು ಮಾತು. ನ್ಯಾಯ ನೀರಿನಂತೆ ಹರಿಯಲಿ ಎಂಬುದು ಯಾವ ಕಾಲದವರಿಗೂ ಅರ್ಥವಾಗುತ್ತದೆ. ಅದಕ್ಕೆ ಹಳೆಯ ರಾಜರ ಹೆಸರು, ಇಸವಿ ಎಲ್ಲ ತಿಳಿಯಲೇಬೇಕಾ?

ಉತ್ತರ: ದೇಶ ಚೆನ್ನಾಗಿದ್ದದ್ದಕ್ಕೇ ಅವನಿಗೆ ಸಿಟ್ಟು. ಜನ ಯಾವುದನ್ನು ದೇವರ ಆಶೀರ್ವಾದ ಎಂದು ಎದೆಯುಬ್ಬಿಸಿ ತೋರಿಸುತ್ತಿದ್ದರೋ, ಆಮೋಸ ಅದನ್ನೇ ಒಂದೊಂದಾಗಿ ಎತ್ತಿಕೊಂಡು ಅವರ ಮೇಲಿನ ದೂರಾಗಿ ತಿರುಗಿಸಿದ. ಗೆದ್ದ ಗಡಿ, ಕಟ್ಟಿದ ಮನೆ, ಮಾಡಿದ ಹಬ್ಬ, ಕುಡಿದ ದ್ರಾಕ್ಷಾರಸ, ಮೈಗೆ ಹಚ್ಚಿಕೊಂಡ ಎಣ್ಣೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಅವರಿಗೆ ಯಾವುದರ ಬಗ್ಗೆ ಹೆಮ್ಮೆ ಇತ್ತು ಎಂದು ಗೊತ್ತಿದ್ದರೆ ಅವನ ಮಾತಿನ ಖಾರ ತಾಗುತ್ತದೆ. ಗೊತ್ತಿಲ್ಲದಿದ್ದರೆ ಒಂಬತ್ತು ಅಧ್ಯಾಯವೂ ಒಂದೇ ಸಮನೆ ಬೈದ ಹಾಗೆ ಕೇಳಿಸುತ್ತದೆ. ರಾಜರ ಹೆಸರು, ಇಸವಿ ಬೇಕಾಗುವುದು ಇಷ್ಟಕ್ಕೇ. ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಜಾಗ ಗುರುತು ಹಾಕಿಕೊಳ್ಳೋಣ. ಸೊಲೊಮೋನ ಸತ್ತ ಮೇಲೆ, ಸುಮಾರು ಕ್ರಿ.ಪೂ. 930ರಲ್ಲಿ, ರಾಜ್ಯ ಎರಡು ಹೋಳಾಯಿತು. ಉತ್ತರದ್ದು ಇಸ್ರಾಯೇಲ್. ಮುಂದೆ ಸಮಾರ್ಯ ಅದರ ರಾಜಧಾನಿ ಆಯಿತು. ದಕ್ಷಿಣದ್ದು ಯೆಹೂದ, ರಾಜಧಾನಿ ಯೆರೂಸಲೇಮ್. ಆಮೋಸ ದಕ್ಷಿಣದವನು. ಯೆರೂಸಲೇಮಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ದೂರದ ತೆಕೋವ ಅವನ ಊರು. ಊರು ದಾಟಿ ಪೂರ್ವಕ್ಕೆ ನಡೆದರೆ ಮರುಭೂಮಿ. ಆದರೆ ಅವನು ಮಾತಾಡಿದ್ದು ಉತ್ತರದವರ ಎದುರು, ಅವರದೇ ದೊಡ್ಡ ಕ್ಷೇತ್ರವಾದ ಬೇತೇಲಿನಲ್ಲಿ. ಪಕ್ಕದ ರಾಜ್ಯದವನು ಗಡಿ ದಾಟಿ ಬಂದು ನಮ್ಮ ರಾಜನ ಮನೆತನ ಉಳಿಯುವುದಿಲ್ಲ ಎಂದರೆ ಹೇಗಿರುತ್ತದೆ, ಯೋಚಿಸಿ.

ಪುಸ್ತಕದ ಮೊದಲ ವಚನ ಮೂರು ಗುರುತು ಕೊಡುತ್ತದೆ: ಯೆಹೂದದ ರಾಜ ಉಜ್ಜೀಯ, ಇಸ್ರಾಯೇಲಿನ ರಾಜ ಯಾರೊಬ್ಬಾಮ, ಮತ್ತು ಒಂದು ಭೂಕಂಪ. ಇಲ್ಲಿ ಒಂದು ಗೊಂದಲ ಆಗುವುದುಂಟು. ಬೇತೇಲಿನಲ್ಲಿ ಬಂಗಾರದ ಕರು ನಿಲ್ಲಿಸಿದ ಯಾರೊಬ್ಬಾಮ ಬೇರೆ, ಅವನು ರಾಜ್ಯ ಒಡೆದ ಕಾಲದವನು. ಇವನು ಅದೇ ಹೆಸರಿನ ಎರಡನೆಯವನು, ಯೋವಾಷನ ಮಗ. ಸುಮಾರು ಕ್ರಿ.ಪೂ. 786ರಿಂದ 746ರವರೆಗೆ ಆಳಿದ. ಕೆಲವು ವರ್ಷ ಆಚೀಚೆ ಲೆಕ್ಕ ಹಾಕುವವರೂ ಇದ್ದಾರೆ. ಆಮೋಸನ ಮಾತುಗಳನ್ನು ಸಾಮಾನ್ಯವಾಗಿ ಕ್ರಿ.ಪೂ. 760ರ ಆಸುಪಾಸಿನಲ್ಲಿ ಇಡುತ್ತಾರೆ.

ಇಷ್ಟು ಹಳೆಯ ಇಸವಿ ಹೇಗೆ ಗೊತ್ತಾಯಿತು ಎಂದು ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಈಗಿನ ಇರಾಕಿನ ಉತ್ತರದಲ್ಲಿದ್ದ ದೊಡ್ಡ ರಾಜ್ಯವಾದ ಅಶ್ಶೂರದವರಿಗೆ ಥ್ಯಾಂಕ್ಸ್ ಹೇಳಬೇಕು. ಅವರು ಪ್ರತಿ ವರ್ಷಕ್ಕೂ ಒಬ್ಬ ದೊಡ್ಡ ಅಧಿಕಾರಿಯ ಹೆಸರಿಟ್ಟು, ಆ ವರ್ಷ ನಡೆದದ್ದನ್ನು ಒಂದು ಸಾಲಿನಲ್ಲಿ ಬರೆದಿಡುತ್ತಿದ್ದರು. ಒಂದು ವರ್ಷದ ಸಾಲಿನಲ್ಲಿ ಸೂರ್ಯಗ್ರಹಣ ದಾಖಲಾಗಿದೆ. ಖಗೋಳದ ಲೆಕ್ಕ ಹಾಕಿದರೆ ಅದು ಕ್ರಿ.ಪೂ. 763ರ ಜೂನ್ 15. ಆ ಒಂದು ದಿನ ಗಟ್ಟಿಯಾದ ಮೇಲೆ ಹಿಂದಿನ, ಮುಂದಿನ ವರ್ಷಗಳನ್ನು ಎಣಿಸಿಕೊಂಡು ಹೋಗಬಹುದು. ಇಸ್ರಾಯೇಲಿನ ರಾಜರ ಇಸವಿಗಳೆಲ್ಲ ಇದಕ್ಕೆ ಜೋತುಬಿದ್ದಿವೆ. ನಡುಹಗಲಲ್ಲೇ ಸೂರ್ಯ ಮುಳುಗುವಂತೆ ಮಾಡುವೆನು ಎಂದು ಆಮೋಸ 8:9ರಲ್ಲಿ ಇದೆಯಲ್ಲ, ಅದನ್ನು ಇದೇ ಗ್ರಹಣಕ್ಕೆ ಜೋಡಿಸುವವರಿದ್ದಾರೆ. ಇರಬಹುದು. ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಅಶ್ಶೂರದ ಆ ಸಾಲುಗಳಲ್ಲಿ ನಮಗೆ ಗ್ರಹಣಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಕ್ರಿ.ಪೂ. 765ರಲ್ಲಿ ಪಿಡುಗು. 763ರಲ್ಲಿ ಅಶ್ಶೂರ್ ಪಟ್ಟಣದಲ್ಲಿ ದಂಗೆ. 759ರಲ್ಲಿ ಮತ್ತೆ ಪಿಡುಗು. ಕೆಲವು ವರ್ಷ ಸೈನ್ಯ ಹೊರಡಲೇ ಇಲ್ಲ, ರಾಜ ಮನೆಯಲ್ಲೇ ಇದ್ದ ಎಂದು ಬರೆದಿದ್ದಾರೆ. ವರ್ಷವರ್ಷವೂ ದಂಡು ಕಟ್ಟಿ ಲೂಟಿಗೆ ಹೊರಡುತ್ತಿದ್ದ ಅಶ್ಶೂರದಂಥ ರಾಜ್ಯಕ್ಕೆ ಇದು ಭಾರೀ ದುರ್ಬಲ ಕಾಲ. ಇದಕ್ಕೂ ಸ್ವಲ್ಪ ಮೊದಲು, ಕ್ರಿ.ಪೂ. 796ರ ಹೊತ್ತಿಗೆ, ಅಶ್ಶೂರದ ರಾಜ ಮೂರನೆಯ ಅದದ್-ನಿರಾರಿ ಈಗಿನ ಸಿರಿಯಾದಲ್ಲಿದ್ದ ದಮಸ್ಕ ರಾಜ್ಯದವರನ್ನು ಚೆನ್ನಾಗಿ ಬಗ್ಗುಬಡಿದಿದ್ದ. ಇರಾಕಿನ ತೆಲ್ ಅಲ್-ರಿಮಾದಲ್ಲಿ 1967ರಲ್ಲಿ ಸಿಕ್ಕಿದ ಅವನ ಶಿಲಾಶಾಸನದಲ್ಲಿ ಸಮಾರ್ಯದ ಯೋವಾಷ, ಅಂದರೆ ನಮ್ಮ ಯಾರೊಬ್ಬಾಮನ ಅಪ್ಪ, ಕಪ್ಪ ಕೊಟ್ಟ ಸುದ್ದಿಯೂ ಇದೆ. ದಮಸ್ಕ ಇಸ್ರಾಯೇಲಿನ ಹಳೆಯ ವೈರಿ. ಅಶ್ಶೂರ ಬಂದು ಆ ವೈರಿಯ ಬೆನ್ನು ಮುರಿಯಿತು, ಆಮೇಲೆ ತಾನೇ ಸುಸ್ತಾಗಿ ಮಲಗಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ, ಆ ಮೂರನೆಯವನು ಯಾರೊಬ್ಬಾಮ.

ಅವನ 41 ವರ್ಷದ ಆಳ್ವಿಕೆಗೆ ಬೈಬಲ್ ಕೊಟ್ಟಿರುವುದು ಬರೀ ಏಳು ವಚನ (ಅರಸುಗಳ ಎರಡನೆಯ ಪುಸ್ತಕ 14:23–29). ಅದರಲ್ಲಿ ಒಂದು ಮಾತನ್ನು ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ. ಯಾರೊಬ್ಬಾಮ ಉತ್ತರದಲ್ಲಿ ಹಮಾತಿನ ದಾರಿಯಿಂದ ಹಿಡಿದು ದಕ್ಷಿಣದಲ್ಲಿ ಅರಾಬಾ ತಗ್ಗಿನ ಸಮುದ್ರದ ತನಕ, ಅಂದರೆ ಲವಣಸಮುದ್ರದ (ಮೃತ ಸಮುದ್ರದ) ತನಕ, ಇಸ್ರಾಯೇಲಿನ ಗಡಿಯನ್ನು ಮತ್ತೆ ತನ್ನದಾಗಿಸಿಕೊಂಡ. ಇದು ಹೀಗೇ ಆಗುತ್ತದೆ ಎಂದು ಮೊದಲೇ ಹೇಳಿದ್ದವನು ಪ್ರವಾದಿ ಯೋನ, ಅಮಿತ್ತೈಯ ಮಗ. ದೊಡ್ಡ ಮೀನಿನ ಕಥೆಯಲ್ಲಿ ಬರುವ ಅದೇ ಹೆಸರು. ಇಸ್ರಾಯೇಲಿನ ಕಷ್ಟ ನೋಡಿ ದೇವರೇ ಯಾರೊಬ್ಬಾಮನ ಕೈಯಿಂದ ಬಿಡುಗಡೆ ಕೊಟ್ಟರು ಎಂದೂ ಅಲ್ಲಿ ಬರೆದಿದೆ.

ಈಗ ಬೇತೇಲಿನಲ್ಲಿ ನಿಂತಿರುವ ಒಬ್ಬ ಭಕ್ತನ ಜಾಗದಲ್ಲಿ ನಿಂತು ನೋಡಿ. ಅವನ ತಾತನ ಕಾಲದಲ್ಲಿ ದಮಸ್ಕದವರು ದೇಶವನ್ನು ಹಿಂಡಿ ಹಿಪ್ಪೆ ಮಾಡಿದ್ದರು. ಯಾರೊಬ್ಬಾಮನ ಅಜ್ಜ ಯೆಹೋವಾಹಾಜನ ಬಳಿ ಉಳಿದದ್ದು 50 ಕುದುರೆ ಸವಾರರು, 10 ರಥ, 10,000 ಕಾಲಾಳು ಅಷ್ಟೇ (ಅರಸುಗಳ ಎರಡನೆಯ ಪುಸ್ತಕ 13:7). ಮೊಮ್ಮಗನ ಕಾಲಕ್ಕೆ ಎಲ್ಲ ತಿರುಗಿತು. ಕಳೆದುಕೊಂಡ ಊರುಗಳು ಬಂದವು, ಪ್ರವಾದಿಯ ಮಾತು ನಿಜವಾಯಿತು, ವ್ಯಾಪಾರದ ದಾರಿಗಳು ಕೈಗೆ ಬಂದವು. ದೇವರು ನಮ್ಮ ಕಡೆ ಇದ್ದಾರೆ ಎಂದು ಅವನು ಅಂದುಕೊಂಡರೆ ಅದು ಹುಂಬತನ ಅಲ್ಲ. ಅವನ ಕೈಯಲ್ಲಿ ಸಾಕ್ಷಿ ಇತ್ತು. ಆಮೋಸನ ಕೇಳುಗರನ್ನು ಸುಮ್ನೆ ಕೆಟ್ಟವರು ಎಂದು ತಳ್ಳಿಹಾಕುವ ಪ್ರಸಂಗಗಳು ನನಗೆ ಹಿಡಿಸದೇ ಇರುವುದು ಇದಕ್ಕೇ. ನಾವು ಅಲ್ಲಿದ್ದರೂ ಚಪ್ಪಾಳೆ ತಟ್ಟುತ್ತಿದ್ದೆವು.

ಈ ಹಿನ್ನೆಲೆ ಇಟ್ಟುಕೊಂಡು ಆಮೋಸ 6:13–14 ಓದಿ. ಲೋದೆಬಾರ್, ಕರ್ನಯಿಮ್ ಎಂಬ ಎರಡು ಊರುಗಳನ್ನು ಯೊರ್ದನಿನ ಆಚೆ ಗೆದ್ದ ಸಂಭ್ರಮ ಅದು. ನಮ್ಮ ಸ್ವಂತ ಬಲದಿಂದ ಗೆದ್ದೆವು ಎಂದು ಜನ ಕುಣಿಯುತ್ತಿದ್ದಾರೆ. ಅದಕ್ಕೆ ಆಮೋಸನ ಉತ್ತರ: ನಿಮ್ಮ ಮೇಲೆ ಒಂದು ಜನಾಂಗ ಎದ್ದು ಬರುತ್ತದೆ, ಹಮಾತಿನ ದಾರಿಯಿಂದ ಅರಾಬಾ ಹಳ್ಳದ ತನಕ ನಿಮ್ಮನ್ನು ಅರೆಯುತ್ತದೆ. ರಾಜನ ಕೀರ್ತಿಯಲ್ಲಿ ಬಂದ ಆ ಗಡಿಯೇ ಇಲ್ಲಿ ಮತ್ತೆ ಬಂತು ನೋಡಿ. ಎಷ್ಟು ಅಗಲ ಗೆದ್ದಿರೋ ಅಷ್ಟೂ ಅಗಲಕ್ಕೆ ಒದೆ ಬೀಳುತ್ತದೆ. ಆ ಏಳು ವಚನ ಓದದವರಿಗೆ ಇದು ಯಾವುದೋ ಎರಡು ಊರಿನ ಹೆಸರು. ಓದಿದವರಿಗೆ ಇಡೀ ಪುಸ್ತಕದ ಅತ್ಯಂತ ಚುರುಕಾದ ಸಾಲು. ಬರುವ ಶತ್ರು ಯಾರು ಎಂದು ಅವನು ಹೆಸರು ಹೇಳುವುದಿಲ್ಲ. ದಮಸ್ಕದ ಆಚೆಗೆ ಸೆರೆ ಹೋಗುತ್ತೀರಿ ಎನ್ನುತ್ತಾನೆ (5:27). ಆಗ ಅಶ್ಶೂರ ಮಲಗಿತ್ತು, ಅದರ ಭಯ ಯಾರಿಗೂ ಇರಲಿಲ್ಲ.

ಇನ್ನು ದುಡ್ಡಿನ ವಿಚಾರ. ಇಲ್ಲಿ ಮಣ್ಣಿನೊಳಗಿಂದ ಬಂದ ಸಾಕ್ಷಿ ಚೆನ್ನಾಗಿದೆ. ಸಮಾರ್ಯದಲ್ಲಿ 1908ರಿಂದ 1910ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದವರು ಅಗೆದರು. ಅರಮನೆಯ ಆವರಣದಲ್ಲಿ ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಚೀಟಿಗಳು ಸಿಕ್ಕವು, ನೂರಕ್ಕೂ ಜಾಸ್ತಿ. ಹೆಚ್ಚಿನ ವಿದ್ವಾಂಸರು ಅವನ್ನು ಯಾರೊಬ್ಬಾಮನ ಕಾಲದವು ಎನ್ನುತ್ತಾರೆ. ಒಕ್ಕಣೆ ಬಹಳ ಚಿಕ್ಕದು: ಹತ್ತನೆಯ ವರ್ಷ, ಇಂಥ ಊರಿನಿಂದ, ಇಂಥವರಿಗೆ, ಹಳೆಯ ದ್ರಾಕ್ಷಾರಸ ಒಂದು ಜಾಡಿ. ಅಥವಾ ಮೇಲ್ದರ್ಜೆಯ ಎಣ್ಣೆ ಒಂದು ಜಾಡಿ. ಬರೀ ಲೆಕ್ಕದ ಚೀಟಿ. ಆದರೆ ಹಳ್ಳಿಯ ಎಣ್ಣೆ ಮತ್ತು ದ್ರಾಕ್ಷಾರಸ ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದು ಇದರಲ್ಲಿ ಕಾಣುತ್ತದೆ. ಇದು ತೆರಿಗೆಯೋ, ಅಥವಾ ಪಟ್ಟಣದಲ್ಲಿ ಕುಳಿತ ಜಮೀನುದಾರರಿಗೆ ಬಂದ ಗೇಣಿಯೋ ಎಂಬ ಚರ್ಚೆ ಇನ್ನೂ ನಡೆದಿದೆ. ನಮಗೆ ಎರಡೂ ಒಂದೇ. ಬಟ್ಟಲುಗಟ್ಟಲೆ ದ್ರಾಕ್ಷಾರಸ ಕುಡಿದು, ಶ್ರೇಷ್ಠವಾದ ಎಣ್ಣೆ ಹಚ್ಚಿಕೊಳ್ಳುವವರು ಎಂದು ಆಮೋಸ 6:6ರಲ್ಲಿ ಹೇಳಿದಾಗ ಅವನು ಹೆಸರಿಸಿದ್ದು ಈ ಚೀಟಿಗಳಲ್ಲಿರುವ ಇದೇ ಎರಡು ಸರಕನ್ನು.

ದಂತದ ಮಂಚ, ದಂತದ ಮನೆ ಎಂದು ಅವನು ಹೇಳುವುದೂ ಕವಿಯ ಉತ್ಪ್ರೇಕ್ಷೆ ಅಲ್ಲ. 1930ರ ದಶಕದಲ್ಲಿ ಅದೇ ಸಮಾರ್ಯದಲ್ಲಿ ಮತ್ತೆ ಅಗೆದಾಗ ಕೆತ್ತಿದ ದಂತದ ನೂರಾರು ಚೂರುಗಳು ಸಿಕ್ಕವು. ತಾವರೆ, ಸಿಂಹದ ಮೈ, ಮನುಷ್ಯನ ತಲೆ, ರೆಕ್ಕೆ ಇರುವ ಪ್ರಾಣಿ, ಈಜಿಪ್ಟಿನ ದೇವತೆಗಳು, ಹೀಗೆ ಪಕ್ಕದ ಕಡಲತೀರದ ನಾಡಾದ ಫಿನಿಷಿಯಾದ ಕುಶಲಿಗಳ ಕೈಕೆಲಸ. ಮಂಚ, ಕುರ್ಚಿಗಳ ಮರಕ್ಕೆ ಕೂರಿಸುತ್ತಿದ್ದ ಹಲಗೆಗಳು ಅವು. ಚಳಿಗಾಲಕ್ಕೊಂದು ಮನೆ, ಬೇಸಿಗೆಗೊಂದು ಮನೆ, ಚೌಕ ಕಡಿದ ಕಲ್ಲಿನ ಗೋಡೆ (3:15, 5:11). ಸಮಾರ್ಯದ ಅರಮನೆಯಲ್ಲಿ ಆ ಕಡಿದ ಕಲ್ಲನ್ನು ಇಂದೂ ನೋಡಬಹುದು. ಮಂದೆಯ ಕುರಿಮರಿ, ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ ಕರು ತಿನ್ನುತ್ತಾರೆ ಎಂದೂ ಇದೆ. ಹಬ್ಬಕ್ಕೋ ಮದುವೆಗೋ ಮಾತ್ರ ಮಾಂಸ ಕಾಣುತ್ತಿದ್ದ ರೈತನಿಗೆ ಈ ಸಾಲು ಹೇಗೆ ಕೇಳಿಸಿತ್ತೋ!

ಇಷ್ಟೆಲ್ಲ ಎಲ್ಲಿಂದ ಬಂತು ಎಂಬುದಕ್ಕೆ ಅವನ ಉತ್ತರ ಸೀದಾ ಇದೆ: ಬಡವನಿಂದ. ಹೇಗೆ ಎಂಬುದನ್ನೂ ಬಿಡಿಸಿ ಹೇಳುತ್ತಾನೆ. ಬಂದರಿಗೆ ಹೋಗುವ ಎಣ್ಣೆ, ದ್ರಾಕ್ಷಾರಸಕ್ಕೆ ಬೆಲೆ ಇತ್ತು. ಗುಡ್ಡದ ಸಣ್ಣ ಹಿಡುವಳಿದಾರ ಹೊಟ್ಟೆಗೆ ಬೇಕಾದ ಗೋಧಿ ಬಾರ್ಲಿ ಬೆಳೆಯುತ್ತಿದ್ದ. ಮಳೆ ಒಂದು ವರ್ಷ ಕೈಕೊಟ್ಟರೆ ಬೀಜಕ್ಕೆ ಸಾಲ, ಸಾಲಕ್ಕೆ ಅಡವು. ಅಡವು ಬಿಡಿಸಲಾಗದಿದ್ದರೆ ಹೊಲ ಹೋಯಿತು, ಅದೂ ಸಾಲದಿದ್ದರೆ ಮಗನೋ ಮಗಳೋ ತಾನೋ ಜೀತಕ್ಕೆ. ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿದರು (2:6) ಎನ್ನುವುದು ಇದನ್ನೇ. ಕೊಳಗ ಕಿರಿದು, ತೂಕದ ಕಲ್ಲು ಹಿರಿದು, ಮಾರುವುದು ಜೊಳ್ಳು, ಅಮಾವಾಸ್ಯೆಯ ಹಬ್ಬ ಯಾವಾಗ ಮುಗಿಯುತ್ತೋ ಅಂಗಡಿ ಯಾವಾಗ ತೆಗೆಯೋದೋ ಎಂಬ ಚಡಪಡಿಕೆ (8:5–6). ಈ ಭಾಗಕ್ಕೆ ನನ್ನ ವಿವರಣೆ ಬೇಕಾಗಿಲ್ಲ. ಸಂತೆಯಲ್ಲಿ ಜೋಳ ಮಾರಿದ ಯಾರಿಗಾದರೂ ಗೊತ್ತು.

ಅಡವಿಟ್ಟ ಹೊದಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಅಡವಿಟ್ಟುಕೊಂಡ ಬಟ್ಟೆ ಹಾಸಿಕೊಂಡು ಬಲಿಪೀಠದ ಪಕ್ಕದಲ್ಲೇ ಮಲಗುತ್ತಾರೆ ಎಂದು 2:8 ಹೇಳುತ್ತದೆ. ವಿಮೋಚನಕಾಂಡ 22:26ರ ಪ್ರಕಾರ ಬಡವನ ಹೊದಿಕೆ ಅಡವು ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲೇ ವಾಪಸ್ ಕೊಡಬೇಕು. ಯಾಕೆಂದರೆ ಅವನಿಗೆ ರಾತ್ರಿ ಹೊದೆಯಲು ಇರುವುದು ಅದೊಂದೇ. ಇದು ಪುಸ್ತಕದ ಕಾನೂನು ಮಾತ್ರ ಆಗಿರಲಿಲ್ಲ. 1960ರಲ್ಲಿ ಯಾವ್ನೆ ಊರಿನ ಹತ್ತಿರದ ಕಡಲತೀರದ ಒಂದು ಕೋಟೆಯಲ್ಲಿ ಮಡಕೆ ಚೂರಿನ ಮೇಲಿನ ಒಂದು ಅರ್ಜಿ ಸಿಕ್ಕಿತು. ಕೊಯ್ಲಿನ ಕೂಲಿಯಾಳೊಬ್ಬ ಬರೆಸಿದ್ದು. ನನ್ನ ಪಾಲಿನ ಕೊಯ್ಲು ಮುಗಿಸಿದ್ದೇನೆ, ಆದರೂ ಮೇಲ್ವಿಚಾರಕ ನನ್ನ ಬಟ್ಟೆ ಕಿತ್ತುಕೊಂಡ, ಜೊತೆಗಾರರು ಸಾಕ್ಷಿ ಹೇಳುತ್ತಾರೆ, ದಯವಿಟ್ಟು ಕೊಡಿಸಿ ಎಂದು ಅಧಿಕಾರಿಯ ಮುಂದೆ ಬೇಡಿದ್ದಾನೆ. ಇದು ಆಮೋಸನಿಗಿಂತ ನೂರಕ್ಕೂ ಹೆಚ್ಚು ವರ್ಷ ಆಮೇಲಿನದು, ಯೆಹೂದದ್ದು. ಆದರೆ ಆ ಸಾಲಿನಲ್ಲಿರುವ ಮನುಷ್ಯ ಎಂಥವನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಾಗದ ನನಗೆ ಗೊತ್ತಿಲ್ಲ.

ಅಂಥ ಅರ್ಜಿ ಹಿಡಿದು ಹೋಗಬೇಕಾದದ್ದು ಊರಬಾಗಿಲಿಗೆ. ದಾನ್, ಗೆಜೆರ್ ಮೊದಲಾದ ಕಡೆ ಅಗೆದಾಗ ಬಾಗಿಲಿನ ಪಕ್ಕದಲ್ಲಿ ಹಿರಿಯರು ಕೂರುವ ಕಲ್ಲಿನ ಜಗಲಿಗಳು ಕಂಡಿವೆ. ನ್ಯಾಯ ತೀರ್ಮಾನ ಅಲ್ಲೇ. ಬಾಗಿಲಲ್ಲಿ ಬಡವನನ್ನು ತಳ್ಳಿಬಿಡುತ್ತೀರಿ, ಲಂಚ ತಿನ್ನುತ್ತೀರಿ (5:12) ಎಂದು ಆಮೋಸ ಹೇಳುವುದು ಈ ಜಗಲಿಯವರಿಗೆ. ಅಲ್ಲಿ ಕೂರುತ್ತಿದ್ದವರೂ ಸಾಲ ಕೊಡುತ್ತಿದ್ದವರೂ ಒಂದೇ ಬಳಗ.

ಅವನ ಜಾಣ್ಮೆ ನೋಡಬೇಕಾದರೆ ಮೊದಲ ಎರಡು ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ಒಬ್ಬರು ಓದಲಿ, ಉಳಿದವರು ಬೇತೇಲಿನ ಜನ ಆಗಿರಲಿ. ಮೊದಲ ಪೆಟ್ಟು ದಮಸ್ಕಕ್ಕೆ: ಯೊರ್ದನಿನ ಆಚೆಗಿದ್ದ ಇಸ್ರಾಯೇಲಿನ ಸೀಮೆಯಾದ ಗಿಲ್ಯಾದನ್ನು ಕಬ್ಬಿಣದ ಹಂತಿಯಿಂದ ಒಕ್ಕಿದವರು ಅವರು. ದಮಸ್ಕದ ರಾಜ ಹಜಾಯೇಲ ಮಾಡಿದ ಗಾಯ ಅಜ್ಜಿಯರ ಬಾಯಲ್ಲಿ ಇನ್ನೂ ಹಸಿಯಾಗಿತ್ತು. ಆಮೇಲೆ ಗಾಜ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಸುತ್ತಲಿನ ಒಬ್ಬೊಬ್ಬ ವೈರಿಗೂ ಬೆಂಕಿ. ಜನ ಖುಷಿಯಾಗಿ ಹೌದು ಹೌದು ಎನ್ನುತ್ತಾ ಬಂದಿರುತ್ತಾರೆ. ಸುತ್ತು ಸಣ್ಣದಾಗುತ್ತಾ ಬಂದು ಕೊನೆಗೆ ಇಸ್ರಾಯೇಲಿನ ಮೇಲೆಯೇ ಬೀಳುತ್ತದೆ, ಅದೂ ಎಲ್ಲಕ್ಕಿಂತ ಉದ್ದವಾಗಿ. ಇಲ್ಲಿ ಇನ್ನೊಂದು ಕುತೂಹಲದ ಗುರುತಿದೆ. ಫಿಲಿಷ್ಟಿಯರ ಊರುಗಳಲ್ಲಿ ಗಾಜ, ಅಷ್ಡೋದ್, ಅಷ್ಕೆಲೋನ್, ಎಕ್ರೋನ್ ಬರುತ್ತವೆ, ಗೊಲ್ಯಾತನ ಊರಾದ ಗತ್ ಬರುವುದಿಲ್ಲ. ಯಾಕೆಂದರೆ ಹಜಾಯೇಲ ಆ ಊರನ್ನು ಕ್ರಿ.ಪೂ. 830ರ ಸುಮಾರಿಗೇ ಹಾಳುಗೆಡವಿದ್ದ. ತೆಲ್ ಎಸ್-ಸಾಫಿ ದಿಬ್ಬದಲ್ಲಿ ಆ ಸುಟ್ಟ ಪದರವನ್ನು ಪುರಾತತ್ವಜ್ಞರು ಬಿಡಿಸಿ ನೋಡಿದ್ದಾರೆ. 6:2ರಲ್ಲಿ ಗತ್ ಊರಿಗೆ ಇಳಿದು ಹೋಗಿ ನೋಡಿ ಎನ್ನುವಾಗ ಕೇಳುಗರಿಗೆ ಕಾಣುತ್ತಿದ್ದದ್ದು ಹಾಳು ಗೋಡೆ.

ಇಷ್ಟಾದ ಮೇಲೆ ಬೇತೇಲಿನ ಪೂಜಾರಿ ಅಮಚ್ಯ ರೇಗಿದ್ದು ಸಹಜ ಅಲ್ವಾ? 7:10ರಿಂದ ಮುಂದಿನ ಜಗಳ ಓದಿ. ಆಮೋಸ ನಿನ್ನ ವಿರುದ್ಧ ಒಳಸಂಚು ಮಾಡುತ್ತಿದ್ದಾನೆ ಎಂದು ಅವನು ರಾಜನಿಗೆ ಹೇಳಿ ಕಳಿಸುತ್ತಾನೆ. ಸುಳ್ಳು ಅಂಜಿಕೆ ಎಂದು ನಾವು ನಗುತ್ತೇವೆ. ಆದರೆ ಈ ಯಾರೊಬ್ಬಾಮನ ಮನೆತನ ಗದ್ದುಗೆ ಹತ್ತಿದ್ದೇ ಪ್ರವಾದಿಗಳ ಕೈಯಿಂದ. ಎಲೀಷ ಕಳಿಸಿದ ಶಿಷ್ಯ ಯೇಹುವಿನ ತಲೆಗೆ ಎಣ್ಣೆ ಸುರಿದ, ಯೇಹು ಹಳೆಯ ರಾಜವಂಶವನ್ನು ಕೊಚ್ಚಿ ಹಾಕಿದ. ಯಾರೊಬ್ಬಾಮ ಆ ಯೇಹುವಿನ ಮರಿಮಗ. ಪ್ರವಾದಿಯೊಬ್ಬ ಬಾಯಿ ತೆರೆದರೆ ಸಿಂಹಾಸನ ಅಲ್ಲಾಡುತ್ತದೆ ಎಂದು ಆ ಅರಮನೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಜೊತೆಗೆ ಇವನು ಯೆಹೂದದವನು ಬೇರೆ. ಹಾಗಾಗಿ ಅಮಚ್ಯನ ಮಾತು: ಇದು ರಾಜನ ದೇವಸ್ಥಾನ, ನೀನು ನಿನ್ನ ದೇಶಕ್ಕೆ ಹೋಗು, ಅಲ್ಲೇ ಪ್ರವಾದನೆ ಹೇಳಿ ಹೊಟ್ಟೆ ಹೊರೆದುಕೋ.

ಆಮೋಸನಿಗೆ ಚುಚ್ಚಿದ್ದು ಆ ಕೊನೆಯ ಮಾತು. ನಾನು ಕಸುಬಿನ ಪ್ರವಾದಿ ಅಲ್ಲ, ನನಗೆ ದನಕರು ಇದೆ, ಅತ್ತಿಯ ಕೆಲಸ ಇದೆ ಎನ್ನುತ್ತಾನೆ. ಆ ಮರ ನಮ್ಮ ಅತ್ತಿಯ ಹತ್ತಿರದ ನೆಂಟ. ಕಾಯಿ ಹಣ್ಣಾಗಲು ಒಂದೊಂದನ್ನೂ ಸಣ್ಣಗೆ ಗೀರಬೇಕು. ಅದು ಎಂಟುನೂರು ಮೀಟರಿಗಿಂತ ಎತ್ತರದ, ಚಳಿ ಹೊಡೆಯುವ ತೆಕೋವದಲ್ಲಿ ಬೆಳೆಯುವುದಿಲ್ಲ, ತಗ್ಗಿನ ಬೆಚ್ಚಗಿನ ನೆಲ ಬೇಕು. ಹಾಗಾದರೆ ಅವನು ಕೆಲಸಕ್ಕೆ ಊರಿಂದೂರಿಗೆ ತಿರುಗಿದವನು, ಮಾರುಕಟ್ಟೆ ಕಂಡವನು. ಕಡುಬಡವ ಕುರುಬ ಎಂದು ಚಿತ್ರ ಬಿಡಿಸುತ್ತಾರಲ್ಲ, ಅದಕ್ಕೂ ಆಧಾರ ಕಡಿಮೆ. ಮೊದಲ ವಚನದಲ್ಲಿ ಹೇಳಿರುವ ಕುರಿಸಾಕಣೆಯ ಕಸುಬನ್ನೇ ಬೈಬಲ್ ಮೋವಾಬಿನ ರಾಜ ಮೇಷನಿಗೂ ಹೇಳುತ್ತದೆ. ಸ್ವಂತ ಮಂದೆ ಇದ್ದವನೇ ಇರಬೇಕು. ತೂಕದ ಕಲ್ಲಿನ ಮೋಸ ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿರುವುದು ಇದರಿಂದ ಅರ್ಥವಾಗುತ್ತದೆ.

ನೀವು ಕೇಳಿದ, ನ್ಯಾಯ ನೀರಿನಂತೆ ಹರಿಯಲಿ ಎಂಬ 5:24ಕ್ಕೂ ಇದೇ ಜಾಗದಲ್ಲಿ ನಿಂತು ಬನ್ನಿ. ಅದಕ್ಕೆ ಮೊದಲಿನ ಮೂರು ವಚನ ಬಿಟ್ಟು ಅದೊಂದನ್ನೇ ಗೋಡೆಗೆ ಹಾಕುವುದು ರೂಢಿಯಾಗಿದೆ. ನಿಮ್ಮ ಹಬ್ಬ ನನಗೆ ಹೇಸಿಗೆ, ನಿಮ್ಮ ಬಲಿ ಬೇಡ, ನಿಮ್ಮ ಹಾಡಿನ ಗದ್ದಲ ನಿಲ್ಲಿಸಿ, ಆಮೇಲೆ ನ್ಯಾಯ ಹರಿಯಲಿ. ಬೇತೇಲಿನ ಹಬ್ಬದ ಸಂಭ್ರಮ, ವೀಣೆಯ ದನಿ ಕಿವಿಯಲ್ಲಿ ಇಟ್ಟುಕೊಂಡು ಕೇಳಬೇಕಾದ ಮಾತು ಅದು. ಇನ್ನೊಂದು, ಅವನ ಸೀಮೆಯ ಹಳ್ಳಗಳು ಮಳೆಗಾಲದಲ್ಲಿ ನಾಲ್ಕು ದಿನ ಅಬ್ಬರಿಸಿ ಉಳಿದ ಕಾಲ ಬರೀ ಕಲ್ಲು. ಅವನು ಕೇಳಿದ್ದು ಬತ್ತದ ಹೊಳೆಯನ್ನು. ಹಬ್ಬಕ್ಕೊಮ್ಮೆ ಉಕ್ಕುವ ಭಕ್ತಿಗೆ ಇದಕ್ಕಿಂತ ಚುರುಕಾದ ಏಟು ಬೇಕಾ? 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ವಚನವನ್ನು ಎತ್ತಿಕೊಂಡಾಗ ಅಲ್ಲಿಯೂ ಅದು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ಎಲ್ಲ ಕಾಲಕ್ಕೂ ಸಲ್ಲುತ್ತದೆ ಎಂಬ ನಿಮ್ಮ ಮಾತು ಸರಿ. ಆದರೆ ಪ್ರತಿ ಸಲವೂ ಎದುರಿಗೆ ಯಾರೋ ಇದ್ದರು.

ಭೂಕಂಪದ ಬಗ್ಗೆ ಚುಟುಕಾಗಿ. ಉತ್ತರದ ಹಾಚೋರ್ ಪಟ್ಟಣದಲ್ಲಿ ಆ ಕಾಲದ ಪದರದಲ್ಲಿ ಗೋಡೆಗಳು ವಾಲಿ ಬಿದ್ದಿರುವುದು ಕಂಡಿದೆ, ಯೆರೂಸಲೇಮಿನಲ್ಲೂ ಅದರ ಗುರುತು ಸಿಕ್ಕಿದೆ ಎಂದು 2021ರಲ್ಲಿ ಇಸ್ರೇಲಿನ ಪುರಾತತ್ವ ಇಲಾಖೆಯವರು ತಿಳಿಸಿದರು. ಜೆಕರ್ಯ 14:5ರಲ್ಲಿ ಉಜ್ಜೀಯನ ಕಾಲದ ಭೂಕಂಪ ಎಂದೇ ನೆನಪು ಮಾಡಿಕೊಂಡಿದ್ದಾರೆ, ಅದೂ ಇನ್ನೂರಕ್ಕೂ ಹೆಚ್ಚು ವರ್ಷದ ಮೇಲೆ. ನೆಲ ನಡುಗುತ್ತದೆ ಎಂದವನ ಮಾತನ್ನು ಬರೆದಿಡಬೇಕು ಎಂದು ಜನರಿಗೆ ಅನ್ನಿಸಲು ಅದೂ ಒಂದು ಕಾರಣ ಇರಬೇಕು.

ಆಮೇಲೆ ಏನಾಯಿತು? ಕ್ರಿ.ಪೂ. 745ರಲ್ಲಿ ಮೂರನೆಯ ತಿಗ್ಲತ್ಪಿಲೆಸೆರ ಅಶ್ಶೂರದ ಗದ್ದುಗೆ ಹತ್ತಿದ, ಮಲಗಿದ್ದ ದಂಡು ಎದ್ದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಯಾರೊಬ್ಬಾಮ ಸತ್ತ. ಅವನ ಮಗ ಜೆಕರ್ಯನನ್ನು ಆರೇ ತಿಂಗಳಲ್ಲಿ ಕೊಂದರು. ಕೊಂದ ಶಲ್ಲೂಮನನ್ನು ಒಂದು ತಿಂಗಳಲ್ಲಿ ಮೆನಹೇಮ ಕೊಂದ. ಈ ಮೆನಹೇಮ ಅಶ್ಶೂರಕ್ಕೆ 1,000 ತಲಾಂತು ಬೆಳ್ಳಿ ಕೊಟ್ಟ. ಅದಕ್ಕಾಗಿ ಉಳ್ಳವರ ಮೇಲೆ ತಲೆಗೆ 50 ಶೆಕೆಲ್ ಹಾಕಿದ (ಅರಸುಗಳ ಎರಡನೆಯ ಪುಸ್ತಕ 15:20). ಒಂದು ತಲಾಂತಿಗೆ 3,000 ಶೆಕೆಲ್ ಎಂದು ಹಿಡಿದರೆ ಸುಮಾರು 60,000 ಮಂದಿ ಕೊಡಬೇಕಾಯಿತು. ದಂತದ ಮಂಚದವರು ತೆತ್ತ ಮೊದಲ ಬಿಲ್ ಅದು. ಕ್ರಿ.ಪೂ. 722ರ ಹೊತ್ತಿಗೆ ಸಮಾರ್ಯ ಬಿತ್ತು. 27,290 ಜನರನ್ನು ಸೆರೆ ಒಯ್ದೆ ಎಂದು ಅಶ್ಶೂರದ ರಾಜ ಸರ್ಗೋನ ಬರೆಸಿದ್ದಾನೆ. ಹೋದದ್ದು ದಮಸ್ಕದ ಆಚೆಗೇ. ಆಮೋಸ ಮಾತಾಡಿ ನಲವತ್ತು ವರ್ಷವೂ ಆಗಿರಲಿಲ್ಲ.

ಒಂದು ಎಚ್ಚರಿಕೆ. ಪುಸ್ತಕದ ಎಲ್ಲ ಸಾಲನ್ನೂ 760ಕ್ಕೇ ಕಟ್ಟಿಹಾಕಲು ಹೋಗಬೇಡಿ. ಸಮಾರ್ಯ ಬಿದ್ದ ಮೇಲೆ ಅವನ ಮಾತುಗಳು ದಕ್ಷಿಣಕ್ಕೆ ಬಂದು ಅಲ್ಲಿ ಉಳಿದವು. ಯೆಹೂದದವರು ಅದನ್ನು ತಮಗೂ ಅನ್ವಯಿಸಿಕೊಂಡು ಓದಿದರು. ಯೆಹೂದದ ಮೇಲಿನ ಮಾತು (2:4–5), ದಾವೀದನ ಬಿದ್ದ ಗುಡಿಸಲನ್ನು ಎತ್ತುವೆನು ಎಂಬ ಕೊನೆಯ ಭಾಗ (9:11–15), ಇವನ್ನು ಬಹಳ ವಿದ್ವಾಂಸರು ಆಮೇಲೆ ಸೇರಿದವು ಎನ್ನುತ್ತಾರೆ. ಯಾರೊಬ್ಬಾಮನ ಕಾಲದಲ್ಲಿ ದಾವೀದನ ಮನೆ, ಅಂದರೆ ಯೆಹೂದವನ್ನು ಆಳುತ್ತಿದ್ದ ರಾಜವಂಶ, ಬಿದ್ದಿರಲಿಲ್ಲವಲ್ಲ. ಆಮೋಸನೇ ಹೇಳಿದ ಎನ್ನುವವರೂ ಇದ್ದಾರೆ, ರಾಜ್ಯ ಒಡೆದದ್ದನ್ನೇ ಬೀಳುವುದು ಎಂದಿದ್ದಾನೆ ಎಂಬುದು ಅವರ ವಾದ. ನನಗೆ ಮೊದಲಿನ ಅಭಿಪ್ರಾಯವೇ ಸರಿ ಅನ್ನಿಸುತ್ತದೆ, ಆದರೆ ಗುಂಪಿನಲ್ಲಿ ಇದನ್ನು ಜಗಳ ಮಾಡಿಕೊಳ್ಳುವಷ್ಟು ದೊಡ್ಡದು ಮಾಡಬೇಡಿ.

ಮುಂದಿನ ಸಲ ಸೇರಿದಾಗ ಹೀಗೆ ಮಾಡಿ. ಮೊದಲು ಅರಸುಗಳ ಎರಡನೆಯ ಪುಸ್ತಕ 14:23–29 ಓದಿ, ಆಗಿನ ಜನ ಯಾವುದಕ್ಕೆಲ್ಲ ಹೆಮ್ಮೆಪಟ್ಟಿರಬಹುದು ಎಂದು ಒಬ್ಬೊಬ್ಬರೂ ಹೇಳಲಿ. ಆಮೇಲೆ ಆಮೋಸನ 6ನೆಯ ಅಧ್ಯಾಯ ತೆಗೆಯಿರಿ. ನಿಮ್ಮ ಪಟ್ಟಿಯಲ್ಲಿ ಬಂದದ್ದು ಒಂದೊಂದಾಗಿ ಅಲ್ಲಿ ಸಿಗುತ್ತಾ ಹೋಗುತ್ತದೆ. 9:11ರಿಂದ ಮುಂದಿನದನ್ನು ಮಾತ್ರ ಆವತ್ತು ಮುಟ್ಟಬೇಡಿ, ಅದರ ಕೇಳುಗರು ಬೇರೆ, ಅದಕ್ಕೆ ಇನ್ನೊಂದು ವಾರ ಬೇಕು.